ಸಸೂತ್ರ ಸವೃತ್ತಿಕ ಸ್ಲೈಡರ್ ಮೀಮಾಂಸೆ

ಈ ಗ್ರಂಥದ ವಿಷಯ: ಜಾಲಪುಟದ ನೆತ್ತಿಯ ಮೇಲೆ ಒಂದರ ಹಿಂದೊಂದು ಸರಿಯುವ ಚಿತ್ರಗಳು. ಪ್ರಯೋಜನ: ಇನ್ನೂ ಗೊತ್ತಾಗಿಲ್ಲ. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯನಾದವನು: ‘ನಮ್ಮ ವೆಬ್‌ಸೈಟಲ್ಲೂ ಆ ಥರ ಓಡೋ ಫೋಟೋ ಬೇಕು ಕಣಪ್ಪಾ’ ಎಂದು ಒಮ್ಮೆಯಾದರೂ ಹೇಳಿಸಿಕೊಂಡವನು. ಸಂಬಂಧ: ಹಾಗೆ ಹೇಳುವವರು ಬಹುತೇಕ ಸೋದರಮಾವ, ಇಲ್ಲವೇ ಸೋದರಮಾವನ ಸ್ನೇಹಿತರು, ಆದ್ದರಿಂದ ದುಡ್ಡು ಕೇಳುವ ಹಾಗಿಲ್ಲ.

ಹಳೆಯ ಶಾಸ್ತ್ರಗ್ರಂಥಗಳು ಈ ನಾಲ್ಕನ್ನು ಹೇಳದೆ ಮುಂದೆ ಹೋಗುವುದಿಲ್ಲ, ನಾವೂ ಹೋಗಲಿಲ್ಲ. ಇಲ್ಲಿನ ಸೂತ್ರಗಳನ್ನು ಬರೆದವನು ನಾನೇ, ಅವಕ್ಕೆ ವೃತ್ತಿ ಬರೆದವನೂ ನಾನೇ. ಸೂತ್ರಕಾರನ ಆಶಯ ವೃತ್ತಿಕಾರನಿಗೆ ತಿಳಿಯಲಿಲ್ಲ ಎಂಬ ಆಕ್ಷೇಪಕ್ಕೆ ಎಡೆಯಿಲ್ಲ. ಇಬ್ಬರಿಗೂ ತಿಳಿಯಲಿಲ್ಲ ಎಂದರೆ ಒಪ್ಪಿಕೊಳ್ಳುತ್ತೇನೆ.

ಸೂತ್ರ 1: ತಾನಾಗಿ ಓಡಬೇಕು, ಓಡಿ ಮುಗಿಯಬಾರದು.

ವೃತ್ತಿ: ‘ತಾನಾಗಿ’ ಎಂಬುದರಿಂದ ಆಟೋಪ್ಲೇಯನ್ನೂ ‘ಮುಗಿಯಬಾರದು’ ಎಂಬುದರಿಂದ ಲೂಪನ್ನೂ ಗ್ರಹಿಸತಕ್ಕದ್ದು. ಸ್ಲೈಡರ್ ಎಂಬ ಪದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಸಂವಾದಿ ಮೊದಲೇ ಇದೆ: ಜಾರುಬಂಡೆ. ಪಾರ್ಕಿನ ಜಾರುಬಂಡೆಯಲ್ಲಿ ಸರ್ರೆಂದು ಜಾರಿದ ಮಗು ಚಡ್ಡಿಯ ಮಣ್ಣು ಕೊಡವಿಕೊಂಡು, ಹಿಂದಿನಿಂದ ಸುತ್ತಿ ಬಂದು, ಮುಂದಿನವನನ್ನು ತಳ್ಳಿ ಮೆಟ್ಟಿಲು ಹತ್ತುತ್ತದೆ. ಆ ಸುತ್ತಿ ಬರುವುದು ಎಲ್ಲರಿಗೂ ಕಾಣುತ್ತದೆ, ಯಾರೂ ಬೇಸರಪಡುವುದಿಲ್ಲ. ಜಾಲಪುಟದ ಜಾರುಬಂಡೆಯಲ್ಲಿ ಅದೊಂದು ಮಾತ್ರ ಕಾಣಕೂಡದು. ಕೊನೆಯ ಚಿತ್ರ ಜಾರಿದ ಮೇಲೆ ಮೊದಲನೆಯದು, ಮೊದಲಿನಿಂದ ಅಲ್ಲೇ ಕಾದಿತ್ತೆಂಬಂತೆ, ಮುಖದ ಮೇಲೆ ಒಂದು ಹನಿ ಬೆವರಿಲ್ಲದೆ ಬಂದು ನಿಲ್ಲಬೇಕು. ಚಿತ್ರವನ್ನು ಸರಿಸುವುದು ಅರ್ಧ ಗಂಟೆಯ ಕೆಲಸ. ಅದು ಹಿಂದಿನಿಂದ ಓಡಿಬಂದದ್ದನ್ನು ಮುಚ್ಚಿಡುವುದೇ ಶಾಸ್ತ್ರ.

ಪೂರ್ವಾಚಾರ್ಯರಲ್ಲಿ ಮೊದಲು ಮಾರ್ಕ್ಯೂವನ್ನು ನೆನೆಯಬೇಕು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಜತೆ ಬಂದ ಈ ಟ್ಯಾಗಿಗೆ ಜಾವಾಸ್ಕ್ರಿಪ್ಟಿನ ಹಂಗಿರಲಿಲ್ಲ. ಒಳಗೆ ಏನು ಹಾಕಿದರೂ ಬಲದಿಂದ ಎಡಕ್ಕೆ ಹರಿಯುತ್ತಿತ್ತು. ಎಷ್ಟು ಸಲ ಎಂದು ಹೇಳದಿದ್ದರೆ ಹರಿಯುತ್ತಲೇ ಇರುತ್ತಿತ್ತು. ಅದನ್ನು ಬಳಸಬಾರದೆಂದು ಈಗ ಎಚ್‌ಟಿಎಂಎಲ್ ನಿಯಮಗಳೇ ಹೇಳುತ್ತವೆ. ಆದರೂ ಬ್ರೌಸರುಗಳು ಅದನ್ನು ಓಡಿಸುವುದು ಬಿಟ್ಟಿಲ್ಲ, ನಿವೃತ್ತರಾದ ಮೇಷ್ಟ್ರು ದಿನಾ ಬೆಳಿಗ್ಗೆ ಶಾಲೆಯ ಗೇಟಿನವರೆಗೆ ಹೋಗಿಬರುವ ಹಾಗೆ.

ಇನ್ನೊಬ್ಬ ಪೂರ್ವಾಚಾರ್ಯ ಜಾವಾಸ್ಕ್ರಿಪ್ಟ್. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು 10 ದಿನದಲ್ಲಿ ಕಟ್ಟಿದರು. ಹತ್ತು ದಿನವೆಂದರೆ ದಸರೆಯಷ್ಟು. ನಮ್ಮ ಮನೆಯಲ್ಲಿ ಅಷ್ಟರೊಳಗೆ ಗೊಂಬೆಗಳನ್ನು ಅಟ್ಟದಿಂದ ಇಳಿಸಿ ಮತ್ತೆ ಅಟ್ಟಕ್ಕೇರಿಸುವುದಷ್ಟೇ ಆಗುತ್ತದೆ. ಮಗುವಿಗೆ ಹುಟ್ಟಿದಾಗಿನ ಹೆಸರು ಮೋಚಾ, ಆಮೇಲೆ ಕರೆದದ್ದು ಲೈವ್‌ಸ್ಕ್ರಿಪ್ಟ್, ಸ್ಕೂಲಿಗೆ ಸೇರಿಸುವಾಗ ಬರೆಸಿದ್ದು ಜಾವಾಸ್ಕ್ರಿಪ್ಟ್. ಪಕ್ಕದ ಮನೆಯ ಜಾವಾ ಎಂಬ ಹುಡುಗ ಆಗ ಚೆನ್ನಾಗಿ ಓದುತ್ತಿದ್ದ ಎಂಬುದನ್ನು ಬಿಟ್ಟರೆ ಬೇರೆ ನಂಟಿಲ್ಲ.

ಸೂತ್ರ 2: ಕಾಲವನ್ನು ಮಿಲಿಸೆಕೆಂಡಿನಲ್ಲಿ ಎಣಿಸತಕ್ಕದ್ದು.

ವೃತ್ತಿ: ಬ್ರೌಸರಿನಲ್ಲಿ ಸೆಟ್‌ಇಂಟರ್ವಲ್ ಎಂಬ ಆಳು ಇದ್ದಾನೆ. ಅವನಿಗೆ ಎರಡು ಮಾತು ಹೇಳಬೇಕು: ಏನು ಮಾಡಬೇಕು, ಎಷ್ಟು ಮಿಲಿಸೆಕೆಂಡಿಗೊಮ್ಮೆ ಮಾಡಬೇಕು. ‘ಸಾಕು’ ಎನ್ನುವವರೆಗೆ ಮಾಡುತ್ತಲೇ ಇರುತ್ತಾನೆ. ಎಷ್ಟಕ್ಕೊಮ್ಮೆ ಎಂಬಲ್ಲಿ ಎರಡು ಸಂಪ್ರದಾಯಗಳಿವೆ. ಸ್ಲಿಕ್, ಸ್ವೈಪರ್ ಎಂಬ ಸಿದ್ಧ ಸಲಕರಣೆಗಳು ನಾವೇನೂ ಹೇಳದಿದ್ದರೆ 3000 ಎಂದುಕೊಳ್ಳುತ್ತವೆ, ಇವರು ತ್ರಿಸಹಸ್ರವಾದಿಗಳು. ಬೂಟ್‌ಸ್ಟ್ರಾಪಿನವರು 5000, ಪಂಚಸಹಸ್ರವಾದಿಗಳು. ‘ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರ ಘನ ಉಪಸ್ಥಿತಿಯಲ್ಲಿ ನೂತನ ಗೋದಾಮು ಕಟ್ಟಡದ ಶಂಕುಸ್ಥಾಪನಾ ಸಮಾರಂಭ’ ಎಂಬ ಅಡಿಬರಹವಿರುವ ಚಿತ್ರವನ್ನು ಮೂರು ಸೆಕೆಂಡಿನಲ್ಲಿ ಓದಿ ಮುಗಿಸಬಲ್ಲವರು ಶುಭಾಶಯ ಪತ್ರ ಅಚ್ಚು ಹಾಕುವವರು ಮಾತ್ರ. ಆದ್ದರಿಂದ ಕನ್ನಡಕ್ಕೆ ಪಂಚಸಹಸ್ರವೇ ಸಾಲದು.

ಇಲ್ಲಿ ಒಬ್ಬ ಪೂರ್ವಪಕ್ಷಿ ಎದ್ದು, ‘ಸ್ಲೈಡರ್ ಎಂಬುದು ಅಮೆರಿಕದಿಂದ ಬಂದದ್ದು, ನಮ್ಮಲ್ಲಿ ಎಲ್ಲಿತ್ತು?’ ಎಂದು ಕೇಳಬಹುದು. ಉಡುಪಿಯಲ್ಲಿ ಇತ್ತು. ಅಷ್ಟಮಠಗಳು ಸರದಿಯಂತೆ ಕೃಷ್ಣಪೂಜೆ ನಡೆಸುವ ಪರ್ಯಾಯಕ್ಕಿಂತ ಸೊಗಸಾದ ಸ್ಲೈಡರನ್ನು ಯಾವ ಪ್ರೋಗ್ರಾಮರೂ ಬರೆದಿಲ್ಲ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ: ಎಂಟು ಸ್ಲೈಡು. ಪೇಜಾವರದ ಸರದಿ ಮುಗಿದರೆ ಮತ್ತೆ ಪಲಿಮಾರು: ಲೂಪ್. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಯ ಜನವರಿ 18ರಂದು, ಯಾರೂ ಗುಂಡಿ ಒತ್ತದೆ ಬದಲಾವಣೆ: ಆಟೋಪ್ಲೇ. ಮೊದಲು ಎರಡು ತಿಂಗಳಿದ್ದ ಸರದಿಯನ್ನು 16ನೇ ಶತಮಾನದಲ್ಲಿ ಯತಿ ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಚಿತ್ರಗಳು ಬೇಗಬೇಗ ಓಡುತ್ತಿವೆ, ಸ್ವಲ್ಪ ನಿಧಾನ ಮಾಡಿ ಎಂಬ ದೂರನ್ನು ಇಷ್ಟು ಹಿಂದೆ, ಇಷ್ಟು ಸಮರ್ಪಕವಾಗಿ ಬಗೆಹರಿಸಿದವರು ಇನ್ನೊಬ್ಬರಿಲ್ಲ.

ಇದನ್ನು ಜಾವಾಸ್ಕ್ರಿಪ್ಟಿಗೆ ಇಳಿಸಿದರೇನಾದೀತು ಎಂದು ಲೆಕ್ಕ ಹಾಕಿದೆ. ಎರಡು ವರ್ಷವೆಂದರೆ 6,307 ಕೋಟಿ 20 ಲಕ್ಷ ಮಿಲಿಸೆಕೆಂಡು. ಆದರೆ ಸೆಟ್‌ಇಂಟರ್ವಲ್ ಎಂಬ ಆ ಆಳಿಗೆ ಎಣಿಸಲು ಬರುವುದು 32 ಬಿಟ್ಟಿನಷ್ಟು ಮಾತ್ರ. 214 ಕೋಟಿ 74 ಲಕ್ಷ 83 ಸಾವಿರದ 647ರ ಆಚೆಗೆ ಅವನ ಕೈಬೆರಳು ಮುಗಿದುಹೋಗುತ್ತವೆ. ಅದು 24 ದಿನ, 20 ಗಂಟೆ, ಮೇಲೆ ಅರ್ಧ ಗಂಟೆ ಚಿಲ್ಲರೆ. ಅದನ್ನು ಮೀರಿದ ಅಂಕಿ ಕೊಟ್ಟರೆ ಮೊದಲಿಂದ ಸುತ್ತಿಕೊಂಡು ಎಣಿಸುತ್ತಾನೆ. ಎರಡು ವರ್ಷವನ್ನು ಹೀಗೆ ಸುತ್ತಿದರೆ ಸೊನ್ನೆಗಿಂತ ಕೆಳಗಿನ ಸಂಖ್ಯೆ ಬರುತ್ತದೆ, ಅದನ್ನು ಅವನು ‘ಈಗಲೇ’ ಎಂದು ತಿಳಿಯುತ್ತಾನೆ. ‘ಈಗಲೇ’ ಎಂದರೂ 4 ಮಿಲಿಸೆಕೆಂಡಿಗಿಂತ ಬೇಗ ಓಡಬಾರದೆಂದು ಬ್ರೌಸರಿನ ಕಟ್ಟಳೆ ಇರುವುದರಿಂದ, ಎಂಟು ಮಠಗಳ ಹದಿನಾರು ವರ್ಷದ ಒಂದು ಸುತ್ತು ಸುಮಾರು 32 ಮಿಲಿಸೆಕೆಂಡಿನಲ್ಲಿ ಪೂರೈಸುತ್ತದೆ. ಪರ್ಯಾಯಕ್ಕೆ ಮುಂಚಿನ ಕಟ್ಟಿಗೆ ರಥಕ್ಕೆ ಮುಹೂರ್ತ ಇಡಲೂ ಪುರುಸೊತ್ತಿಲ್ಲ. ವಾದಿರಾಜರಿಗಿಂತ ಹಿಂದಿನ ಎರಡು ತಿಂಗಳ ಪದ್ಧತಿಯನ್ನು ಕೊಟ್ಟು ನೋಡಿದೆ. 60 ದಿನ ಸುತ್ತಿಕೊಂಡು 10 ದಿನ, ಹತ್ತಿರಹತ್ತಿರ 7 ಗಂಟೆಯಾಗಿ ಇಳಿಯಿತು. ಪರಂಪರೆಯನ್ನು ಡಿಜಿಟಲೀಕರಣ ಮಾಡುತ್ತೇವೆಂದು ಓಡಾಡುವವರು ಈ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಹಾಕಿ ನೋಡುವುದು ಒಳ್ಳೆಯದು.

ಸೂತ್ರ 3: ಒಂದು ಕೂಡಿಸು, ಎಣಿಕೆಯಿಂದ ಭಾಗಿಸು, ಶೇಷವನ್ನು ಹಿಡಿ.

ವೃತ್ತಿ: ಜಾವಾಸ್ಕ್ರಿಪ್ಟಿನಲ್ಲಿ ಎಂಟು ಚಿತ್ರಗಳಿಗೆ 0ಯಿಂದ 7ರವರೆಗೆ ನಂಬರು. ಏಳನೆಯದರ ಮುಂದೆ ಎಂಟು. ಎಂಟನ್ನು ಎಂಟರಿಂದ ಭಾಗಿಸಿದರೆ ಶೇಷ ಸೊನ್ನೆ. ಸೊನ್ನೆಯೇ ಮೊದಲ ಚಿತ್ರ. ಭೂಮಿಯನ್ನು ಹೊತ್ತವನು ಶೇಷ ಎಂದು ಅಜ್ಜಿ ಹೇಳುತ್ತಿದ್ದಳು, ಸ್ಲೈಡರನ್ನು ಹೊತ್ತವನೂ ಅವನೇ. ಹಿಂದಕ್ಕೆ ಹೋಗುವಾಗ ಮಾತ್ರ ಅಪಾಯ. ಸೊನ್ನೆಯಿಂದ ಒಂದು ಕಳೆದು ಎಂಟರ ಶೇಷ ಕೇಳಿದರೆ ಪೈಥಾನ್ ಭಾಷೆ 7 ಎಂದು ಸರಿಯಾದ ಉತ್ತರ ಕೊಡುತ್ತದೆ. ಜಾವಾಸ್ಕ್ರಿಪ್ಟ್ -1 ಎನ್ನುತ್ತದೆ. ಮೈನಸ್ ಒಂದನೆಯ ಚಿತ್ರ ಯಾರ ಆಲ್ಬಮ್ಮಿನಲ್ಲೂ ಇರುವುದಿಲ್ಲ. ಅದಕ್ಕೇ ಬಲ್ಲವರು ಒಂದು ಕಳೆಯುವುದಲ್ಲದೆ ಎಂಟು ಸೇರಿಸಿಯೂ ಭಾಗಿಸುತ್ತಾರೆ. ಸಂತೆಗೆ ಹೋಗುವ ಮುಂಚೆ ಮನೆಯಲ್ಲೇ ಜೇಬು ತುಂಬಿಸಿಕೊಂಡ ಹಾಗೆ.

ಸೂತ್ರ 4: ನಕಲು ಬಂದು ನಿಂತಾಗ ಅಸಲು ಕೂರಬೇಕು.

ವೃತ್ತಿ: ಶೇಷವಾದದಿಂದ ಚಿತ್ರವೇನೋ ಮೊದಲಿಗೆ ಬಂದೀತು. ಬರುವ ರೀತಿ ಮಾತ್ರ ಘೋರ. ಇಡೀ ಸಾಲು ಏಳು ಚಿತ್ರಗಳಷ್ಟು ದೂರ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ, ಜಾತ್ರೆಯ ಬಯಾಸ್ಕೋಪಿನವನು ಆಟ ಮುಗಿದ ಮೇಲೆ ಸುರುಳಿಯನ್ನು ಗರಗರ ಹಿಂದಕ್ಕೆ ಸುತ್ತುವ ಹಾಗೆ. ಇದನ್ನು ತಪ್ಪಿಸಲು ಹುಟ್ಟಿದ್ದೇ ಉತ್ಸವಮೂರ್ತಿ ಸಿದ್ಧಾಂತ. ಮೊದಲ ಚಿತ್ರದ ನಕಲನ್ನು ಸಾಲಿನ ತುದಿಯಲ್ಲಿ ನಿಲ್ಲಿಸಬೇಕು. ಕೊನೆಯ ಚಿತ್ರ ಸರಿದಾಗ ಮೆರವಣಿಗೆಯಲ್ಲಿ ಬರುವುದು ಈ ನಕಲು. ಅದು ಬಂದು ನಿಂತಿತೆಂಬ ಸುದ್ದಿಯನ್ನು ಟ್ರಾನ್ಸಿಷನ್‌ಎಂಡ್ ಎಂಬ ಡಂಗುರದವನು ಸಾರುತ್ತಾನೆ. ಆ ಕ್ಷಣದಲ್ಲಿ ಚಲನೆಯನ್ನು ಪೂರ್ತಿ ಕಿತ್ತುಹಾಕಿ, ಸಾಲನ್ನು ಸದ್ದಿಲ್ಲದೆ ಮೊದಲಿಗೆ ತಂದು, ಗರ್ಭಗುಡಿಯ ಮೂಲಮೂರ್ತಿಯನ್ನು ಅದೇ ಜಾಗದಲ್ಲಿ ತೋರಿಸಿ, ಮತ್ತೆ ಚಲನೆಯನ್ನು ಜೋಡಿಸಬೇಕು. ಭಕ್ತರಿಗೆ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಒಂದೇ ಸಂದರ್ಭದಲ್ಲಿ. ಚಲನೆ ತೆಗೆದದ್ದು, ಜಾಗ ಬದಲಿಸಿದ್ದು, ಚಲನೆ ಹಾಕಿದ್ದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಬ್ರೌಸರು ನಡುವಿನದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಕೊನೆಯಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ ಮತ್ತೆ ಬಯಾಸ್ಕೋಪು ಸುತ್ತುತ್ತದೆ. ಪರಿಹಾರ ವಿಚಿತ್ರವಾದದ್ದು. ಎರಡನೆಯ ಮಾತಿಗೂ ಮೂರನೆಯದಕ್ಕೂ ನಡುವೆ ‘ನಿನ್ನ ಅಗಲ ಎಷ್ಟು?’ ಎಂದು ಸಾಲನ್ನು ಕೇಳಬೇಕು. ಉತ್ತರ ನಮಗೆ ಬೇಡ. ಆದರೆ ಉತ್ತರ ಹೇಳುವುದಕ್ಕಾಗಿ ಬ್ರೌಸರು ಅಲ್ಲಿಯವರೆಗಿನ ಲೆಕ್ಕವನ್ನೆಲ್ಲ ಮುಗಿಸಲೇಬೇಕಾಗುತ್ತದೆ. ದಾರಿಯಲ್ಲಿ ಸಿಕ್ಕವರನ್ನು ‘ಊಟ ಆಯ್ತಾ?’ ಎಂದು ಕೇಳುತ್ತೇವಲ್ಲ, ಹಾಗೆ.

ಅಸಲು, ನಕಲು ಎರಡೂ ಒಂದೆಯೋ ಬೇರೆಯೋ ಎಂಬ ವಾದ ನಮ್ಮ ಆಫೀಸಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ನಡೆದಿದೆ. ರೂಪ ಒಂದೇ, ಐಡಿಯೂ ಒಂದೇ, ಆದ್ದರಿಂದ ಭೇದವಿಲ್ಲ ಎಂದಿತು ಅದ್ವೈತ ಪಕ್ಷ. ಆಗ ಟೆಸ್ಟಿಂಗಿನ ಹುಡುಗಿ ನಕಲಿನ ಮೇಲಿದ್ದ ‘ಹೆಚ್ಚಿನ ವಿವರ’ ಗುಂಡಿಯನ್ನು ಒತ್ತಿದಳು. ಏನೂ ಆಗಲಿಲ್ಲ. ಕ್ಲೋನ್‌ನೋಡ್ ಮಾಡಿದಾಗ ಆಕಾರ ಬರುತ್ತದೆ, ಆಡ್‌ಇವೆಂಟ್‌ಲಿಸನರಿನಿಂದ ಕಟ್ಟಿದ ಕಿವಿಗಳು ಬರುವುದಿಲ್ಲ. ಪ್ರಾಣಪ್ರತಿಷ್ಠೆ ಆಗದ ವಿಗ್ರಹಕ್ಕೆ ಹರಕೆ ಹೊತ್ತಂತಾಯಿತು. ದ್ವೈತ ಗೆದ್ದಿತು, ಆದರೆ ಬಗ್ಗು ಸರಿಮಾಡುವ ಕೆಲಸ ಅದ್ವೈತಿಗಳ ಪಾಲಿಗೇ ಬಂತು.

ಐದನೆಯ ಸೂತ್ರ ಲುಪ್ತವಾಗಿದೆ. ಟ್ಯಾಬು ಮರೆಗೆ ಸರಿದಾಗ ಬ್ರೌಸರುಗಳು ಸೆಟ್‌ಇಂಟರ್ವಲ್ಲನ್ನು ಸೆಕೆಂಡಿಗೊಮ್ಮೆಗಿಂತ ಬೇಗ ಓಡಲು ಬಿಡುವುದಿಲ್ಲ ಎಂಬುದರ ಬಗ್ಗೆ ಏನೋ ಬರೆದಿದ್ದೆ. ಬರೆಯುತ್ತಿದ್ದ ಟ್ಯಾಬು ಮರೆಗೆ ಸರಿದು ಮರೆತುಹೋಯಿತು.

ಇನ್ನು ಪ್ರತ್ಯಕ್ಷ ಪ್ರಮಾಣ. ನಮ್ಮೂರಿನ ಒಂದು ಸಹಕಾರ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟೆ. ಮುಖಪುಟದಲ್ಲಿ ಏಳು ಮಂದಿ ನಿರ್ದೇಶಕರ ಭಾವಚಿತ್ರ ಓಡಬೇಕು, ಮೌಸು ಮೇಲೆ ಬಂದರೆ ನಿಲ್ಲಬೇಕು. ಮೌಸು ಆಚೆ ಹೋದಾಗ ಹೊಸ ಸೆಟ್‌ಇಂಟರ್ವಲ್ ಹೂಡುವುದನ್ನು ಬರೆದೆ. ಒಳಗೆ ಬಂದಾಗ ಹಳೆಯದನ್ನು ಕ್ಲಿಯರ್‌ಇಂಟರ್ವಲ್ ಮಾಡುವುದನ್ನು ಬರೆಯಲಿಲ್ಲ. ಉದ್ಘಾಟನೆಯ ದಿನ ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿಕೊಂಡು, ನೊಣ ಓಡಿಸುವವರಂತೆ ಮೌಸನ್ನು ಪರದೆಯ ಮೇಲೆ ಮೂರು ಸಲ ಆಚೆ ಈಚೆ ಎಳೆದರು. ಒಬ್ಬ ಆಳಿದ್ದಲ್ಲಿ ನಾಲ್ವರಾದರು, ನಾಲ್ವರೂ ಅವರವರ ಲೆಕ್ಕದಲ್ಲಿ ಚಿತ್ರ ತಳ್ಳತೊಡಗಿದರು.

‘ಏನಯ್ಯಾ ಇದು, ನನ್ನ ಮುಖ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕೀಲಿ ಕಂಡ ಹಾಗೆ ಹೋಗ್ತಾ ಇದೆ?’

‘ಸಾರ್, ಇಂಟರ್ವಲ್ ಜಾಸ್ತಿ ಆಗಿಬಿಟ್ಟಿದೆ.’

‘ಇಂಟರ್ವಲ್ ಜಾಸ್ತಿ ಆದ್ರೆ ನಿಂತ್ಕೋಬೇಕು ತಾನೆ? ಟಾಕೀಸಲ್ಲಿ ಇಂಟರ್ವಲ್ ಅಂದ್ರೆ ಕಡ್ಲೇಕಾಯಿ ತಿನ್ನೋ ಹೊತ್ತು.’

ಇದಕ್ಕೆ ಉತ್ತರ ಯಾವ ಕೈಪಿಡಿಯಲ್ಲೂ ನನಗೆ ಸಿಕ್ಕಿಲ್ಲ.

ಅದನ್ನು ಸರಿಮಾಡಿದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಫೋಟೋ ಕೊನೆಯದಾಗಿದೆ ಎಂದರು. ‘ಸಾರ್, ಲೂಪಲ್ಲಿ ಮೊದಲು ಕೊನೆ ಅನ್ನೋದೇ ಇಲ್ಲ’ ಎಂದು ತತ್ತ್ವ ಹೇಳಿದೆ. ‘ಹಾಗಾದ್ರೆ ನಂದನ್ನ ಮೊದಲು ಹಾಕೋಕೆ ನಿಮಗೇನು ಕಷ್ಟ?’ ಎಂದರು. ಅವರು ಶಾಸ್ತ್ರ ಓದಿದವರಲ್ಲ, ಆದರೂ ಶಾಸ್ತ್ರ ಅವರ ಕಡೆಗೇ ಇತ್ತು. ಅಮೆರಿಕದ ನೋಟರ್‌ಡೇಮ್ ವಿಶ್ವವಿದ್ಯಾಲಯದ ವೆಬ್ ವಿಭಾಗದವರೊಬ್ಬರು ತಮ್ಮ ಮುಖಪುಟದ ಸ್ಲೈಡರನ್ನು ಯಾರು ಒತ್ತುತ್ತಾರೆಂದು ಎಣಿಸಿ 2013ರಲ್ಲಿ ಪ್ರಕಟಿಸಿದ್ದರು: ಬಂದವರಲ್ಲಿ ನೂರಕ್ಕೆ ಸುಮಾರು ಒಬ್ಬರು ಒತ್ತಿದ್ದರು, ಆ ಒತ್ತುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮೊದಲ ಚಿತ್ರಕ್ಕೇ ಬಿದ್ದಿದ್ದವು. ಉಳಿದ ಚಿತ್ರಗಳು ಓಡುವುದು ನೋಡುಗರಿಗಾಗಿ ಅಲ್ಲ, ಆ ಚಿತ್ರದಲ್ಲಿ ಇರುವವರಿಗಾಗಿ. ನಮ್ಮ ಫೋಟೋ ಎಲ್ಲಿ ಎಂದು ಕೇಳಿದವರಿಗೆ ‘ಬರ್ತದೆ, ಸ್ವಲ್ಪ ತಡೀರಿ’ ಎನ್ನಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಸ್ಲೈಡರಿನ ಪ್ರಯೋಜನ ಗೊತ್ತಾಗಿಲ್ಲ ಎಂದು ಆರಂಭದಲ್ಲಿ ಬರೆದದ್ದನ್ನು ಓದುಗರು ಹೊಡೆದುಹಾಕಿಕೊಳ್ಳಬೇಕು.

ಸೂತ್ರ 6: ನಿಲ್ಲಿಸುವ ಗುಂಡಿ ಇರತಕ್ಕದ್ದು.

ವೃತ್ತಿ: ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು, ಪುಟದ ಬೇರೆ ಸಂಗತಿಗಳ ಪಕ್ಕದಲ್ಲಿ ಓಡಾಡುವ ಯಾವುದನ್ನೇ ಆಗಲಿ, ನಿಲ್ಲಿಸಲೋ ಮರೆಮಾಡಲೋ ನೋಡುಗನಿಗೆ ದಾರಿ ಇರಬೇಕೆಂದು 2008ರಲ್ಲಿ ಬಂದ ಸುಗಮ ಜಾಲದ ಮಾರ್ಗಸೂಚಿಯ 2.2.2ನೆಯ ನಿಯಮ ಹೇಳುತ್ತದೆ. ನಿಧಾನವಾಗಿ ಓದುವವರಿಗೆ, ಓಡುವ ಚಿತ್ರದಿಂದ ಗಮನ ಚದುರುವವರಿಗೆ ಅದು ಬೇಕು. ನಿಯಮಕ್ಕೆ ತಲೆಬಾಗಿ ಸಂಘದ ಸ್ಲೈಡರಿನ ಮೂಲೆಯಲ್ಲಿ ಎರಡು ಗೀಟಿನ ಸಣ್ಣ ಗುಂಡಿಯೊಂದನ್ನು ಇಟ್ಟೆ.

ಹದಿನೈದು ದಿನ ಬಿಟ್ಟು ಹೋಗಿ ನೋಡಿದೆ. ಸಂಘದ ಕೌಂಟರಿನ ಕಂಪ್ಯೂಟರಿನಲ್ಲಿ ಮುಖಪುಟ ಯಾವಾಗಲೂ ತೆರೆದೇ ಇರುತ್ತದೆ. ಬೆಳಿಗ್ಗೆ ಹತ್ತೂವರೆಗೆ ಅಧ್ಯಕ್ಷರು ಬಂದು, ತಮ್ಮ ಚಿತ್ರ ಬರುವವರೆಗೆ ಕಾದು, ಗುಂಡಿ ಒತ್ತಿ ಒಳಗೆ ಹೋಗುತ್ತಾರೆ. ಊಟದ ಹೊತ್ತಿಗೆ ಕಾರ್ಯದರ್ಶಿಗಳು ಬಂದು ಬಿಡಿಸಿ, ತಮ್ಮದು ಬಂದಾಗ ಒತ್ತುತ್ತಾರೆ. ಉಳಿದ ಐವರು ಬರುವುದು ತಿಂಗಳ ಸಭೆಗೆ ಮಾತ್ರ. ಸಭೆಯ ದಿನ ಗುಂಡಿಯ ಮುಂದೆ ಸಾಲು ನಿಲ್ಲುತ್ತದೆ ಎಂದು ಕೌಂಟರಿನ ಹುಡುಗ ಹೇಳಿದ. ‘ಆಟೋಪ್ಲೇ ಕೆಲಸ ಮಾಡ್ತಿದೆಯಾ?’ ಎಂದು ಕೇಳಿದೆ. ಸಾಲದ ಅರ್ಜಿಯೊಂದಕ್ಕೆ ಸೀಲು ಹೊಡೆಯುತ್ತ, ತಲೆ ಎತ್ತದೆ, ‘ಮಾಡುತ್ತೆ ಸಾರ್, ಭಾನುವಾರ’ ಎಂದ.