ಹತ್ತು ಪೈಸೆಯ ಕಾಡುಕೋಣ

ಕಿಗ್ಗದಲ್ಲಿದ್ದುಕೊಂಡು ಅಂಚೆಚೀಟಿ ಕೂಡಿಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ನಾಡಿನಲ್ಲಿ ಮಳೆ ಕೈಕೊಟ್ಟರೆ ಮಂತ್ರಿ ಮಹೋದಯರು ನಮ್ಮ ಋಷ್ಯಶೃಂಗೇಶ್ವರನಿಗೆ ಪೂಜೆ ಮಾಡಿಸಲು ಬರುತ್ತಾರೆ. ಮಳೆ ಅತಿಯಾದರೆ ನಿಲ್ಲಿಸು ಎಂದು ಮೊರೆಯಿಡುವುದೂ ಅವನಿಗೇ. ನನ್ನ ಹರಕೆ ಯಾವಾಗಲೂ ಎರಡನೆಯದು. ಆಷಾಢದ ಥಂಡಿಗೆ ಚೀಟಿಯ ಹಿಂಬದಿಯ ಗೋಂದು ತಾನಾಗಿಯೇ ಪಸೆಯೊಡೆದು ಹುಲಿ ಹೋಗಿ ಆನೆಯ ಬೆನ್ನಿಗೆ ಅಂಟಿತೆಂದರೆ ಬಿಡಿಸಲು ಬ್ರಹ್ಮನಿಂದಲೂ ಆಗದು. ಹಾಗಾಗಿ ಮಳೆಗಾಲ ಮುಗಿಯುವವರೆಗೆ ನನ್ನ ಆಲ್ಬಮ್ಮಿಗೆ ಒಲೆಯ ಮೇಲಿನ ಅಟ್ಟದಲ್ಲಿ, ಹಲಸಿನ ಹಪ್ಪಳದ ಡಬ್ಬಿಯ ಪಕ್ಕದಲ್ಲಿ ಬಿಡಾರ. ಪುಟ ತೆರೆದರೆ ಸಿಂಹವೂ ಹಪ್ಪಳದ ವಾಸನೆ ಹೊಡೆಯುತ್ತದೆ.

ನನಗೆ ಹುಚ್ಚು ಕಾಡುಪ್ರಾಣಿಗಳ ಚೀಟಿಗಳದ್ದು. 1963ರಲ್ಲಿ ವನ್ಯಜೀವಿ ಸಂರಕ್ಷಣೆಯ ಹೆಸರಿನಲ್ಲಿ ಐದು ಚೀಟಿ ಬಂದವು. ಕಾಡುಕೋಣಕ್ಕೆ 10 ನಯೇಪೈಸೆ, ಕೆಂಪು ಪಾಂಡಾಕ್ಕೆ 15, ಆನೆಗೆ 30, ಹುಲಿಗೆ 50, ಸಿಂಹಕ್ಕೆ ಒಂದು ರೂಪಾಯಿ. ಸಿಂಹ ಮೃಗರಾಜ ತಾನೇ, ಅದಕ್ಕೆ ಆ ಗತ್ತು ಸರಿ. ಹುಲಿ ರಾಷ್ಟ್ರಪ್ರಾಣಿಯ ಬಡ್ತಿಗಾಗಿ ಮುಂದಿನ ದಶಕದವರೆಗೆ ಕಾಯಬೇಕಾಯಿತು. ಆದರೆ ನಮ್ಮ ಕಾಡಿನ ಭಾರೀ ಕೋಣ, ಬೆಕ್ಕಿಗಿಂತ ತುಸು ದೊಡ್ಡದಾದ ಪಾಂಡಾಕ್ಕಿಂತ ಅಗ್ಗವಾದದ್ದು ಯಾವ ಲೆಕ್ಕದಲ್ಲಿ? ತೂಕ ನೋಡಿ ದರ ಹಾಕುವುದು ಅಂಚೆಯವರದೇ ಪದ್ಧತಿಯಲ್ಲವೇ!

1983ರಲ್ಲಿ ನಮ್ಮ ಕಡೆಗೆ ಸ್ವಲ್ಪ ನ್ಯಾಯ ಸಿಕ್ಕಿತು. ಅಸ್ಸಾಂ ಕಡೆಯ ಹೊಂಬಣ್ಣದ ಲಂಗೂರಿಗೆ ಒಂದು ರೂಪಾಯಿ, ನಮ್ಮ ಪಶ್ಚಿಮಘಟ್ಟದ ಸಿಂಗಳೀಕಕ್ಕೆ ಎರಡು. ಮರದಿಂದ ಕೆಳಗಿಳಿಯಲೂ ಸಂಕೋಚಪಡುವ ಆ ಪ್ರಾಣಿ ದೇಶವೆಲ್ಲ ಸುತ್ತಿತು. ನನಗೆ ಸಿಕ್ಕಿದ ಪ್ರತಿಯ ಮೇಲೆ ಯಾರೋ ಪುಣ್ಯಾತ್ಮರು ಠಸ್ಸೆಯನ್ನು ಸರಿಯಾಗಿ ಮುಖಕ್ಕೇ ಬಿಗಿದಿದ್ದಾರೆ. ಕೇಸರ ಎಲ್ಲಿ ಮುಗಿಯಿತು, ಮಸಿ ಎಲ್ಲಿ ಶುರುವಾಯಿತು ಎಂದು ಭೂತಗನ್ನಡಿ ಹಿಡಿದರೂ ತಿಳಿಯದು.

2007ರಲ್ಲಿ ರಾಷ್ಟ್ರೀಯ ಉದ್ಯಾನಗಳ ಸರದಿ: ಬಂಡೀಪುರ, ಬಾಂಧವಗಢ, ಕಾಜಿರಂಗ, ಮುದುಮಲೈ, ಪೆರಿಯಾರ್. 1987ರಲ್ಲೇ ರಾಷ್ಟ್ರೀಯ ಉದ್ಯಾನವಾದ ನಮ್ಮ ನೆರೆಯ ಕುದುರೆಮುಖ ಅದರಲ್ಲಿಲ್ಲ. ಚಿತ್ರ ಬರೆಯುವವರು ಬಂದದ್ದು ಜುಲೈಯಲ್ಲಿರಬೇಕು. ಕಂಡದ್ದನ್ನೇ ಬರೆದಿದ್ದರೆ ಬರೀ ಬಿಳಿ ಚೀಟಿ ಅಚ್ಚಾಗುತ್ತಿತ್ತು.

ಹಾಗೆ ನೋಡಿದರೆ ಕಾಡುಪ್ರಾಣಿಗೆ ಕೈಮುಗಿಯಿರಿ ಎಂದು ಕಿಗ್ಗದವರಿಗೆ ಯಾರೂ ಚೀಟಿ ಅಂಟಿಸಿ ಹೇಳಬೇಕಾಗಿಲ್ಲ. ನಮ್ಮ ಋಷ್ಯಶೃಂಗ ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ ತಲೆಯ ಮೇಲೆ ಕೊಂಬು ಹೊತ್ತವನು. ತಕರಾರೇನಿದ್ದರೂ ತೋಟಕ್ಕೆ ನುಗ್ಗುವ ಕೊಂಬಿನ ಮೇಲೆ.

ಮೊನ್ನೆ ಕೆಳಗಿನ ಮನೆಯ ಗೌಡರು ಕಂಬಳಿಕೊಪ್ಪೆ ಹೊದ್ದು ಬಂದರು. ರಾತ್ರಿ ಕೋಣಗಳ ಹಿಂಡು ಅಡಿಕೆ ಸಸಿಗಳನ್ನೆಲ್ಲ ನೆಲಸಮ ಮಾಡಿತ್ತು.

"ಪರಿಹಾರದ ಅರ್ಜಿಗೆ ಫೋಟೋ ಬೇಕಂತೆ ಮಾರಾಯ್ರೆ. ಮಧ್ಯರಾತ್ರಿ ಆ ಮಳೇಲಿ ಕೋಣನ ಎದುರು ನಿಂತು, ಸ್ವಲ್ಪ ಈಚೆ ತಿರುಗು ಅನ್ಲಾ?"

ಸಮಾಧಾನಕ್ಕೆಂದು ಕಾಫಿ ಕೊಟ್ಟು ಆಲ್ಬಮ್ ತೋರಿಸಿದೆ. 1963ರ ಪುಟದ ಮೇಲೆ ಅವರ ಬೆರಳು ನಿಂತಿತು.

"ಇದು ಸರ್ಕಾರದವ್ರೇ ತೆಗ್ಸಿದ ಫೋಟೋ ಅಲ್ವಾ?"

"ಹೌದು, ಆದ್ರೆ..."

"ಮತ್ತೆಂತ? ಅರ್ಜಿಗೆ ಇದನ್ನೇ ಅಂಟಿಸ್ತೇನೆ. ಇಲ್ಲ ಅನ್ಲಿ ನೋಡುವ!"

ಮೆಲ್ಲಗೆ ಆಲ್ಬಮ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ. ಗೌಡರು ಬಿಡಲಿಲ್ಲ.

"ಸುಮ್ನೆ ಬೇಡ ಮಾರಾಯ್ರೆ. ಹತ್ತು ಪೈಸೆ ಅಂತ ಅದ್ರಲ್ಲೇ ಬರ್ದಿದೆಯಲ್ಲ, ನಾಳೆ ಕೊಡ್ತೇನೆ."