ಭರಣಿಯಲ್ಲಿ ಮಾಲ್ಗುಡಿ

"ಲಿಂಕ್ ಕಳಿಸಿದೀನಿ ಮಾವ, ಒತ್ತಿದ್ರೆ ಸಾಕು" ಎಂದ ಬೆಂಗಳೂರಿನ ಸೋದರಳಿಯ. ಒತ್ತುವುದಕ್ಕೇನು, ಒತ್ತಿದೆ. ಪರದೆಯ ಮೇಲೆ ಉಂಗುರವೊಂದು ತಿರುಗತೊಡಗಿತು. ನಾನು ಕೊಟ್ಟಿಗೆ ಕೆಲಸ ಮುಗಿಸಿ, ಸ್ನಾನ ಮಾಡಿ, ಕಾಫಿ ಕುಡಿದು ಬಂದೆ. ಅದು ತಿರುಗುತ್ತಲೇ ಇತ್ತು.

ಅವನು ಕಳಿಸಿದ್ದು 'ಮಾಲ್ಗುಡಿ ಡೇಸ್'. ಶಂಕರ್‌ನಾಗ್ ಅದನ್ನು ಚಿತ್ರಿಸಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಅದರ ರೈಲು ನಿಲ್ದಾಣವಾಗಿದ್ದು ನಮ್ಮದೇ ಹೊಸನಗರ ತಾಲ್ಲೂಕಿನ ಅರಸಾಳು. ಈಗ ಅಲ್ಲೊಂದು ಮಾಲ್ಗುಡಿ ಮ್ಯೂಸಿಯಂ ಕೂಡ ಇದೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಅದು ಬಂದಾಗ ಊರಿಗೆ ಊರೇ ನೋಡಿತ್ತು, ನನ್ನೊಬ್ಬನನ್ನು ಬಿಟ್ಟು. ಅಡಿಕೆ ಮರದ ಕಂಬಕ್ಕೆ ಕಟ್ಟಿದ ಆಂಟೆನಾ ತಿರುಗಿಸುವ ಹೊಣೆ ನನ್ನದಾಗಿತ್ತು. ನನ್ನ ಪಾಲಿಗೆ ಇಡೀ ಧಾರಾವಾಹಿಯ ಸಂಭಾಷಣೆ ಮೂರೇ ಮಾತು: "ಬಂತು, ಬಂತು, ಹೋಯ್ತು!" ಆ ಬಾಕಿ ತೀರಿಸಿಕೊಳ್ಳುವ ಆಸೆ ಈ ವಯಸ್ಸಿನಲ್ಲಿ.

ನಮ್ಮ ಮನೆಯ ನೆಟ್‌ವರ್ಕ್ ಮನೆಯೊಳಗಿಲ್ಲ. ಉಣುಗೋಲು ದಾಟಿದರೆ ಸಿಗುವ ಮಾವಿನ ಮರದ ಬುಡದಲ್ಲಿ, ಪೂರ್ವಕ್ಕೆ ಮುಖ ಮಾಡಿ ನಿಂತವರಿಗೆ ಎರಡು ಕಡ್ಡಿ ಸಿಗುತ್ತದೆ. ಕರೆಂಟ್ ಹೋದರೆ ಅದೂ ಇಲ್ಲ. ಲಿಂಗನಮಕ್ಕಿಯ ನೀರು ಊರೂರಿಗೆ ಬೆಳಕು ಕೊಟ್ಟರೂ ಮಳೆಗಾಲದಲ್ಲಿ ನಮ್ಮ ಟವರ್ ಮಾತ್ರ ಕತ್ತಲೆಯಲ್ಲಿ ತೂಕಡಿಸುತ್ತದೆ. ಆದರೂ ಆಷಾಢದ ಒಂದು ಸಂಜೆ ಕೊಡೆ ಹಿಡಿದು ಮರದ ಬುಡಕ್ಕೆ ಹೋದೆ. ಪರದೆಯ ಮೇಲೆ ಮಾಲ್ಗುಡಿಯ ಹುಡುಗ ಸ್ವಾಮಿ ಶಾಲೆಗೆ ಹೊರಟವನು ಒಂದು ಕಾಲು ಮೇಲೆತ್ತಿ ಹಾಗೇ ನಿಂತುಬಿಟ್ಟ. ನಾನೂ ನಿಂತೆ. ಅವನ ಕಾಲು ನೆಲ ಮುಟ್ಟುವಷ್ಟರಲ್ಲಿ ನನ್ನ ಕಾಲಿಗೆ ಹತ್ತಿದ್ದ ಉಂಬಳ ಹೊಟ್ಟೆ ತುಂಬಾ ರಕ್ತ ಹೀರಿ, ತಾನಾಗಿಯೇ ಉದುರಿ ಬಿತ್ತು. ಆವತ್ತು ತಡೆಯಿಲ್ಲದೆ ಸ್ಟ್ರೀಮ್ ಆದದ್ದು ಅದೊಂದೇ.

ಹಾಗಾಗಿ ಡೌನ್‌ಲೋಡ್. ಇದು ನಮ್ಮ ಜಾಯಮಾನಕ್ಕೆ ಒಗ್ಗುವ ಕ್ರಮ. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಒಟ್ಟುವವರು, ಹಲಸಿನ ಹಪ್ಪಳ ಒಣಗಿಸುವವರು, ಅಪ್ಪೆಮಿಡಿಯನ್ನು ಭರಣಿಗೆ ತುಂಬುವವರು ನಾವು. ನಲ್ಲಿ ತಿರುಗಿಸಿದಾಗ ನೀರು ಬರುವವರಿಗೆ ಸ್ಟ್ರೀಮಿಂಗ್ ಇರಲಿ, ನಮಗೆ ಹಂಡೆ ತುಂಬಿಟ್ಟರೇ ನಿದ್ದೆ. ಅಡಿಕೆ ಮಂಡಿಗೆಂದು ಸಾಗರಕ್ಕೆ ಹೋದಾಗಲೆಲ್ಲ ತಂಗಿಯ ಮನೆಯ ವೈಫೈಯಲ್ಲಿ ತುಂಬಿಸಿಕೊಂಡು ಬರತೊಡಗಿದೆ. ಊಟ ಆಗಿ, ಕವಳ ಆಗಿ, ಸಂಜೆಯ ಕಾಫಿ ಆದರೂ ನಾನು ಏಳದೇ ಇದ್ದಾಗ ಅವಳು ಕೇಳಿದಳು: "ಅಣ್ಣಾ, ನೀನು ಬಂದಿದ್ದು ನನ್ನ ನೋಡೋಕೋ, ರೂಟರ್ ನೋಡೋಕೋ?" ಆಗಿನ್ನೂ ಶೇಕಡಾ 83 ಆಗಿತ್ತು. ಹಾಗಾಗಿ ನಿಜ ಹೇಳಲಿಲ್ಲ.

ಮನೆಗೆ ಬಂದು ಅಮ್ಮನ ಜೊತೆ ಒಂದು ಕಂತು ಅರ್ಧ ನೋಡಿದ್ದಾಯಿತು. ಮಾರನೆಯ ದಿನ ಸಸಿ ನೆಟ್ಟಿ, ಅದರ ಮಾರನೆಯ ದಿನ ನೆಂಟರು. ಮೂರನೆಯ ದಿನ ತೆರೆದರೆ "ಅವಧಿ ಮುಗಿದಿದೆ" ಎಂದಿತು ಆ್ಯಪ್. ಒಮ್ಮೆ ನೋಡಲು ಶುರು ಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕಂತೆ. ಮತ್ತೆ ಬೇಕೆಂದರೆ ಇಂಟರ್ನೆಟ್ಟಿಗೆ ಬನ್ನಿ ಎಂಬ ಆಹ್ವಾನ ಬೇರೆ.

"ಹಂಗಾದ್ರೆ ನೀನು ಸಾಗರದಿಂದ ತಂದಿದ್ದು ಎಂತ ಮಾರಾಯ?" ಎಂದರು ಅಮ್ಮ. "ಮೂರು ವರ್ಷದ ಅಪ್ಪೆಮಿಡಿ ಭರಣಿಯಲ್ಲಿ ಗಟ್ಟಿ ಉಂಟು. ಇದಕ್ಕೆ ಎರಡು ದಿನಕ್ಕೇ ಬೂಸ್ಟು ಬಂತಾ? ಉಪ್ಪು ಕಡಿಮೆಯಾಯ್ತೇನೋ."

ಹಿಂದಿನ ಕಾಲದ ಕ್ಯಾಸೆಟ್ ರೆಕಾರ್ಡಿಂಗ್ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ಅಪ್ಪಯ್ಯ ಟೂ-ಇನ್-ವನ್ ಹೊತ್ತುಕೊಂಡು ತಾಳಮದ್ದಲೆಗಳಿಗೆ ಹೋಗುತ್ತಿದ್ದರು. 90 ನಿಮಿಷದ ಕ್ಯಾಸೆಟ್ಟು, ಬದಿಗೆ 45. ಅರ್ಥಧಾರಿಗಳಿಗೆ ಈ ಲೆಕ್ಕ ಯಾರು ಹೇಳಬೇಕು? 'ಕರ್ಣಪರ್ವ'ದಲ್ಲಿ ಕರ್ಣನ ರಥದ ಗಾಲಿ ಹೂತಿದೆ, ಅವನು ಅರ್ಜುನನಿಗೆ ಧರ್ಮ ಕೇಳುತ್ತಿದ್ದಾನೆ, ಆಗ 'ಟಕ್'. ಅಪ್ಪಯ್ಯ ಗಾಢ ನಿದ್ದೆಯಲ್ಲಿದ್ದರು. ಅವರು ಎದ್ದು ಕ್ಯಾಸೆಟ್ ಮಗುಚಿ ಹಾಕುವ ಹೊತ್ತಿಗೆ ಮಂಗಳ ಹಾಡುತ್ತಿದ್ದರಂತೆ. ನಡುವೆ ಯಾರದೋ ನಾಯಿ ಬೊಗಳಿದ್ದು, ಪೆಟ್ರೋಮ್ಯಾಕ್ಸಿನ ಸುಂಯ್ ಸದ್ದು, ಅಪ್ಪಯ್ಯನದೇ ಗೊರಕೆ ಎಲ್ಲ ಅದರಲ್ಲಿವೆ. ಯಾರೂ ಅವಧಿ ಮುಗಿಯಿತೆಂದು ಕಿತ್ತುಕೊಂಡಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಕರ್ಣ ಇನ್ನೂ ಸತ್ತಿಲ್ಲ.

ಅಮ್ಮನಿಗೆ ಈಗ ಮಾಲ್ಗುಡಿ ಬೇಡವಂತೆ, ಆ ಗೊರಕೆ ಕೇಳಬೇಕಂತೆ. ಟೂ-ಇನ್-ವನ್‌ನ ಬೆಲ್ಟ್ ಹರಿದಿದೆ. ಸಾಗರ, ತೀರ್ಥಹಳ್ಳಿ ಎರಡೂ ಕಡೆ ವಿಚಾರಿಸಿ ಬಂದೆ, ಇಲ್ಲವೆಂದರು. ಓದುಗರಲ್ಲಿ ಯಾರ ಹತ್ತಿರವಾದರೂ ಹಳೆಯ ಬೆಲ್ಟ್ ಇದ್ದರೆ ದಯವಿಟ್ಟು ತಿಳಿಸಿ. ಫೋನ್ ಮಾಡಬೇಡಿ, ಕಾಗದ ಬರೆಯಿರಿ.