ನೂರು ಜನ ಏನೆನ್ನುತ್ತಾರೆ?

ಮಣಿಪಾಲದಲ್ಲಿ ಓದುವ ತಂಗಿಯ ಮಗಳು ಭಾನುವಾರ ಮನೆಗೆ ಬಂದವಳು ನನ್ನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟಳು. "ಮಾವ, ನಿಮಗೆ ಜನರಲ್ ನಾಲೆಜ್ ಜಾಸ್ತಿ ಅಲ್ವಾ, ಆಡಿ" ಎಂದಳು. ಆ ಮಾತಿನೊಳಗಿನ ಕೊಕ್ಕೆ ನನಗಾಗ ಕಾಣಲಿಲ್ಲ.

ಈ ಆಟಕ್ಕೆ ಸರಿಯುತ್ತರವೇ ಇಲ್ಲ. ಪ್ರಶ್ನೆಯನ್ನು ನೂರು ಜನರಿಗೆ ಕೇಳಿದರೆ ಹೆಚ್ಚಿನವರು ಏನು ಹೇಳಿಯಾರು ಎಂದು ಊಹಿಸಬೇಕು, ಅಷ್ಟೆ. "ಎತ್ತರವಾಗಿರುವ ಏನನ್ನಾದರೂ ಹೆಸರಿಸಿ" ಎಂದಿತು. ನಾನು ಕಾರ್ಕಳದಲ್ಲಿ ಹುಟ್ಟಿದವ. ವೀರಪಾಂಡ್ಯ 1432ರಲ್ಲಿ ಬಂಡೆಗುಡ್ಡದ ಮೇಲೆ ನಿಲ್ಲಿಸಿದ, ಸುಮಾರು 42 ಅಡಿಯ ಗೊಮ್ಮಟನನ್ನು ನೋಡುತ್ತಲೇ ಬೆಳೆದವನ ಬಾಯಿಗೆ ಬೇರೇನು ಬಂದೀತು? ಬರೆದೆ. ಸೊನ್ನೆ. ಒಳಗಿನಿಂದ ಹೆಂಡತಿ, ಒಗ್ಗರಣೆ ಸೌಟು ಕೈಯಲ್ಲಿರುವಾಗಲೇ, "ಜಿರಾಫೆ ಅಂತ ಹಾಕಿ" ಎಂದಳು. ಭರ್ತಿ ಅಂಕ! ಜಿರಾಫೆಯನ್ನು ಅವಳು ಟೀವಿಯಲ್ಲಲ್ಲದೆ ಕಂಡವಳಲ್ಲ.

"ಕಡಲ ದಡದಲ್ಲಿ ಕಾಣುವುದು?" ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ಬರೆದೆ. ಮತ್ತೆ ಸೊನ್ನೆ. "ಮರಳು ಮಾರಾಯ್ರೆ" ಎಂದಳು. ಅದಕ್ಕೂ ಅಂಕ.

ಇದು ಹೊಸ ಆಟವೇನಲ್ಲ. ಅಮೆರಿಕದ ಟೀವಿಯಲ್ಲಿ 1976ರಲ್ಲಿ 'ಫ್ಯಾಮಿಲಿ ಫ್ಯೂಡ್' ಎಂದು ಶುರುವಾದದ್ದು. ಕನ್ನಡದಲ್ಲಿ 2017ರಲ್ಲಿ ಪುನೀತ್ ರಾಜಕುಮಾರ್ 'ಫ್ಯಾಮಿಲಿ ಪವರ್' ಎಂದು ಇದನ್ನೇ ನಡೆಸಿಕೊಟ್ಟರು. ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ಷೇರುಪೇಟೆಯನ್ನು ವಿವರಿಸಲು ಇಂಥದೇ ಪತ್ರಿಕಾ ಸ್ಪರ್ಧೆಯ ಉದಾಹರಣೆ ಕೊಟ್ಟಿದ್ದ: ನೂರು ಫೋಟೊಗಳಲ್ಲಿ ಆರು ಚಂದದ ಮುಖ ಆರಿಸಬೇಕು, ಆದರೆ ಬಹುಮಾನ ಉಳಿದವರೆಲ್ಲರ ಆಯ್ಕೆಗೆ ಹತ್ತಿರ ಬಂದವನಿಗೆ. ಇದನ್ನೆಲ್ಲ ಹೆಂಡತಿಗೆ ಹೇಳಿದೆ. "ಅಷ್ಟು ಗೊತ್ತಿದ್ದೂ ಮರಳು ಗೊತ್ತಾಗಲಿಲ್ವಾ?" ಎಂದಳು.

ನನ್ನ ತಕರಾರು ಆ ನೂರು ಜನರ ಮೇಲೆ. "ಮಳೆ ಬಂದರೆ ಏನು ಮಾಡುತ್ತೀರಿ?" ಎಂಬುದಕ್ಕೆ ಅವರ ಉತ್ತರ, ಮನೆಯಲ್ಲೇ ಇರುತ್ತೇವೆ! ನಮ್ಮಲ್ಲಿ ಹಾಗೆ ಕುಳಿತರೆ ಜೂನಿನಲ್ಲಿ ಕುಳಿತವ ಸೆಪ್ಟೆಂಬರಿನಲ್ಲಿ ಏಳಬೇಕು. ಹಾಗೆಂದು ನಮ್ಮವರೇ ನೂರು ಜನರನ್ನು ಕೂರಿಸಿದರೆ ನಾನು ಗೆಲ್ಲುತ್ತಿದ್ದೆನೇ? 'ಉಡುಪಿ ಎಂದರೆ?' ಎಂದು ಮಾಟುಂಗಾದಲ್ಲಿ ಕೇಳಿದರೆ ಹೋಟೆಲು ಎಂದಾರು. ರಥಬೀದಿಯಲ್ಲಿ ಕೇಳಿದರೆ ಮಠ. ಕಾರ್ಕಳದ ಬಸ್ಸಿನಲ್ಲಿ ಕೇಳಿದರೆ ಕಂಡಕ್ಟರು ಉತ್ತರ ಕೊಡುವ ಬದಲು ಟಿಕೆಟ್ಟೇ ಹರಿದುಕೊಟ್ಟಾನು. ನಮ್ಮ ಗೊಮ್ಮಟನ ಪಾಡೂ ಅಷ್ಟೆ. ರಾಜ್ಯದ ಯಾವ ನೂರು ಜನರನ್ನು ಕೇಳಿ, ಗೊಮ್ಮಟ ಎಂದರೆ ಶ್ರವಣಬೆಳಗೊಳವೇ. ಅಲ್ಲಿಯದು ಸುಮಾರು 57 ಅಡಿ, ನಮ್ಮವನಿಗಿಂತ ನಾನ್ನೂರೈವತ್ತು ವರ್ಷ ಹಿರಿಯ. ಎರಡನೆಯ ಉತ್ತರವಾಗಿ ಇಷ್ಟು ಕಾಲ ಮಳೆಯಲ್ಲಿ ನೆನೆಯುತ್ತ ನಿಂತವನ ಮುಖದಲ್ಲಿ ಆ ಬೇಸರದ ಸುಳಿವೇ ಇಲ್ಲ. ನನಗೋ, ಮೂರು ಸೊನ್ನೆಗೇ ರಾತ್ರಿ ನಿದ್ದೆ ಬರಲಿಲ್ಲ.

ಈ ಆಟದ ನಿಜವಾದ ಪಟು ಹೋಟೆಲಿನ ಮಾಣಿ. ಮರುದಿನ ಉಡುಪಿಯ ಒಂದು ಹೋಟೆಲಿಗೆ ನಾವಿಬ್ಬರೂ ಹೋದೆವು. ನೀರಿನ ಲೋಟ ಇಡುವಾಗಲೇ ಮಾಣಿ "ಮಸಾಲೆ ದೋಸೆ ಎರಡಾ?" ಎಂದ. ಆ ನೂರು ಜನರಲ್ಲಿ ಒಬ್ಬನಾಗಲು ನನಗೆ ಮನಸ್ಸಾಗಲಿಲ್ಲ. "ನನಗೆ ಬನ್ಸ್" ಎಂದೆ.

"ಬನ್ಸ್ ಖಾಲಿ ಆಯ್ತು. ಎಲ್ಲರೂ ಅದನ್ನೇ ಕೇಳೂದು ಇವತ್ತು."

ಹೆಂಡತಿ ಏನೂ ಹೇಳಲಿಲ್ಲ. ಪಕ್ಕದ ಮೇಜಿನವರ ತಟ್ಟೆಯಲ್ಲಿ ಕೊನೆಯ ಬನ್ಸ್ ಉಬ್ಬಿಕೊಂಡು ಕೂತಿತ್ತು.